ಬಾಟಲಿಯ ಮೇಲಿನ ವಯಸ್ಸು: ಸಿಂಗಲ್ ಮಾಲ್ಟ್ ವಿಸ್ಕಿಗಳನ್ನು ಹೋಲಿಸಿ ನೋಡುವ ಬಗೆ

ಕಬ್ಬು ಬೆಳೆಯುವ ಸಾಲಿಗ್ರಾಮ, ಚುಂಚನಕಟ್ಟೆ, ಕೆ.ಆರ್. ನಗರದ ಕಡೆಯವರಿಗೆ ಕಾಕಂಬಿ ಏನೆಂದು ಹೇಳಿಕೊಡಬೇಕಿಲ್ಲ. ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಆ ಕಪ್ಪು ಅಂಟು ದ್ರವವನ್ನು ಹುದುಗಿಸಿ ಬಟ್ಟಿ ಇಳಿಸಿದರೆ ಮದ್ಯಸಾರ ಸಿಗುತ್ತದೆ. ನಮ್ಮ ವೈನ್ ಶಾಪುಗಳಲ್ಲಿ ಕ್ವಾರ್ಟರ್, ನೈಂಟಿ ಲೆಕ್ಕದಲ್ಲಿ ಹೋಗುವ ವಿಸ್ಕಿಗಳಲ್ಲಿ ಹೆಚ್ಚಿನವು ಕಾಕಂಬಿಯ ಅಥವಾ ಧಾನ್ಯದ ಇಂಥ ಮದ್ಯಸಾರಕ್ಕೆ ಒಂದಿಷ್ಟು ಮಾಲ್ಟ್ ವಿಸ್ಕಿ ಬೆರೆಸಿ, ಬಣ್ಣ ಹೊಂದಿಸಿ ತಯಾರಾದವು. ಯುರೋಪಿನ ಕಾನೂನು ಕಾಕಂಬಿಯ ಸರಕನ್ನು ವಿಸ್ಕಿ ಎಂಬ ಹೆಸರಿನಲ್ಲಿ ಮಾರಲು ಬಿಡುವುದಿಲ್ಲ. ಅಲ್ಲಿ ವಿಸ್ಕಿ ಧಾನ್ಯದಿಂದಲೇ ಆಗಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಕೂತಿರಬೇಕು.

ಈಗ ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಅಳಿಯನೋ ಹೊರದೇಶದಲ್ಲಿದ್ದಾರೆ. ಬರುವಾಗ ವಿಮಾನ ನಿಲ್ದಾಣದ ಸುಂಕವಿಲ್ಲದ ಅಂಗಡಿಯಿಂದ ಒಂದೆರಡು ಬಾಟಲಿ ಸ್ಕಾಚ್ ತರುತ್ತಾರೆ. ಒಬ್ಬ ಪ್ರಯಾಣಿಕರಿಗೆ ಎರಡು ಲೀಟರ್ ತನಕ ಅವಕಾಶವಿದೆ. ಬಾಟಲಿಯ ಮೇಲೆ 12, 15, 18 ಎಂಬ ಅಂಕಿ. ಕೂತವರೆಲ್ಲ ಕೇಳುವುದು ಒಂದೇ: ಹದಿನೆಂಟು ಹನ್ನೆರಡಕ್ಕಿಂತ ಎಷ್ಟು ಮೇಲು? ಅಂಕಿಯನ್ನು ಪರೀಕ್ಷೆಯ ಮಾರ್ಕ್ಸ್ ಎಂದು ಓದಿದ್ದರಿಂದ ಹುಟ್ಟಿದ ಪ್ರಶ್ನೆ ಇದು. ಆ ಅಂಕಿ ಹೇಳುವುದು ಮದ್ಯ ಮರದೊಳಗೆ ಎಷ್ಟು ಕಾಲ ಇತ್ತು ಎಂಬುದನ್ನು ಮಾತ್ರ. ಯಾವ ಮರ, ಎಂಥ ಪೀಪಾಯಿ, ಯಾವ ಹವೆ ಎಂಬುದು ಅದರಲ್ಲಿಲ್ಲ. ಅದನ್ನು ನಾವೇ ಮೂಗು, ನಾಲಿಗೆಯಿಂದ ಪತ್ತೆಮಾಡಬೇಕು. ಸ್ವಲ್ಪ ತಾಳ್ಮೆ, ನಾಲ್ಕು ಗಾಜಿನ ಲೋಟ ಇದ್ದರೆ ಆಗುವ ಕೆಲಸ.

ಮೊದಲು ಕಾನೂನಿನ ಮಾತು. 2009ರ ಸ್ಕಾಚ್ ವಿಸ್ಕಿ ನಿಯಮಾವಳಿಯ ಪ್ರಕಾರ ಸ್ಕಾಚ್ ಆಗಬೇಕಾದರೆ ಸ್ಕಾಟ್ಲೆಂಡಿನಲ್ಲೇ ಬಟ್ಟಿ ಇಳಿಸಿ, 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ ಅಲ್ಲೇ ಮೂರು ವರ್ಷವಾದರೂ ಇಟ್ಟಿರಬೇಕು. ಬಾಟಲಿಗೆ ಇಳಿದಾಗ ಮದ್ಯಸಾರ ಶೇ 40ಕ್ಕಿಂತ ಕಡಿಮೆ ಇರಕೂಡದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೊಂದರಿಂದಲೇ, ತಾಮ್ರದ ಹಂಡೆಯಲ್ಲಿ, ಒಂದೇ ಡಿಸ್ಟಿಲರಿಯಲ್ಲಿ ಮಾಡಿದ್ದರೆ ಅದು ಸಿಂಗಲ್ ಮಾಲ್ಟ್. ಇಲ್ಲಿ 'ಸಿಂಗಲ್' ಎಂದದ್ದು ಡಿಸ್ಟಿಲರಿಗೆ, ಪೀಪಾಯಿಗಲ್ಲ. ಒಂದು ಬಾಟಲಿಯಲ್ಲಿ ಹತ್ತಾರು ಪೀಪಾಯಿಗಳ ಸರಕು ಬೆರೆತಿರುತ್ತದೆ. ವಯಸ್ಸು ಬರೆದರೆ ಆ ಬೆರಕೆಯಲ್ಲಿ ಎಲ್ಲಕ್ಕಿಂತ ಎಳೆಯದರ ವಯಸ್ಸನ್ನೇ ಬರೆಯಬೇಕು. 12 ಎಂದಿರುವ ಬಾಟಲಿಯಲ್ಲಿ ಹದಿನಾಲ್ಕು, ಹದಿನಾರು ವರ್ಷದ್ದೂ ಇರಬಹುದು, ಹನ್ನೊಂದರದ್ದು ಮಾತ್ರ ಒಂದು ಹನಿಯೂ ಇರುವಂತಿಲ್ಲ. ಇನ್ನೊಂದು ಮಾತು: ಬಾಟಲಿಗೆ ಇಳಿದ ಕ್ಷಣಕ್ಕೆ ವಯಸ್ಸು ನಿಂತುಹೋಗುತ್ತದೆ. ತಾತನ ಬೀರುವಿನಲ್ಲಿ ಇಪ್ಪತ್ತು ವರ್ಷ ಕೂತ ಹನ್ನೆರಡರ ಬಾಟಲಿ ಇವತ್ತಿಗೂ ಹನ್ನೆರಡೇ.

ಪೀಪಾಯಿಯೊಳಗೆ ಏನಾಗುತ್ತದೆ ಎಂಬುದೇ ಇಡೀ ವಿಷಯದ ತಿರುಳು. ಹಂಡೆಯಿಂದ ಇಳಿದ ಹೊಸ ಮದ್ಯಕ್ಕೆ ನೀರಿನಷ್ಟೇ ತಿಳಿ ಬಣ್ಣ. ಅದರಲ್ಲಿ ಬಾಳೆಹಣ್ಣು, ಸೇಬಿನಂಥ ಹಣ್ಣಿನ ವಾಸನೆಯೂ ಇರುತ್ತದೆ, ಗಂಧಕದ, ಬೇಯಿಸಿದ ಕೋಸಿನ ನಾತವೂ ಇರುತ್ತದೆ. ಪೀಪಾಯಿಯ ಒಳಮೈಯನ್ನು ಬೆಂಕಿಯಿಂದ ಸುಟ್ಟಿರುತ್ತಾರೆ. ಆ ಇದ್ದಿಲಿನ ಪದರ ಗಂಧಕದ ನಾತವನ್ನು ಹೀರಿಕೊಳ್ಳುತ್ತದೆ. ಸುಟ್ಟ ಮರದ ಲಿಗ್ನಿನ್ ಒಡೆದು ವೆನಿಲಿನ್ ಬಿಡುತ್ತದೆ, ವೆನಿಲ್ಲಾ ಐಸ್‌ಕ್ರೀಮಿನ ಪರಿಮಳ ಅದರದ್ದೇ. ಓಕ್ ಮರದ ಲ್ಯಾಕ್ಟೋನ್ ಎಂಬ ವಸ್ತುವಿಗೆ ಕೊಬ್ಬರಿಯ ವಾಸನೆ. ಟ್ಯಾನಿನ್ ಒಗರು ಕೊಡುತ್ತದೆ, ಅಡಿಕೆ ಅಗಿದಾಗ ನಾಲಿಗೆ ಬಿಗಿಯುವಂತೆ. ನಮ್ಮ ಮನೆಯಲ್ಲಿ ಒಮ್ಮೆ ಹದಿನೆಂಟರ ಲೋಟ ಮೂಸಿದ ಬಾಮೈದ, 'ಭಾವ, ಇದಕ್ಕೆ ಲವಂಗ ಏನಾದ್ರೂ ಹಾಕವ್ರಾ?' ಎಂದ. ಲವಂಗ ಹಾಕಿರಲಿಲ್ಲ, ಆದರೆ ಅವನ ಮೂಗು ಸುಳ್ಳು ಹೇಳಿರಲಿಲ್ಲ. ಲವಂಗಕ್ಕೆ ಆ ಗಮಲು ಕೊಡುವ ಯೂಜಿನಾಲ್ ಓಕ್ ಮರದಲ್ಲೂ ಇದೆ. ವರ್ಷ ಕಳೆದಂತೆ ಅದು ಮದ್ಯಕ್ಕೆ ಇಳಿಯುತ್ತದೆ.

ಮರ ಕೊಡುವುದು ಒಂದು ಕಡೆಯಾದರೆ ಗಾಳಿ ಮಾಡುವ ಕೆಲಸ ಇನ್ನೊಂದು. ಪೀಪಾಯಿ ಉಸಿರಾಡುತ್ತದೆ. ಸಂದಿನಿಂದ ಗಾಳಿ ಒಳಗೆ ಬರುತ್ತದೆ, ಮದ್ಯ ನಿಧಾನವಾಗಿ ಆವಿಯಾಗಿ ಹೊರಗೆ ಹೋಗುತ್ತದೆ. ಒಳಬಂದ ಆಮ್ಲಜನಕ ಮದ್ಯಸಾರದೊಂದಿಗೆ ಸೇರಿ, ಹಂತಹಂತವಾಗಿ ಆಮ್ಲ, ಎಸ್ಟರ್‌ಗಳಾಗಿ, ಒಣಹಣ್ಣಿನ, ಜೇನಿನ ವಾಸನೆಗಳು ಹುಟ್ಟುತ್ತವೆ. ಈ ಕೆಲಸಕ್ಕೆ ಅವಸರ ಆಗದು. ಮರದ ರಸ ಮೊದಲ ಕೆಲವು ವರ್ಷಗಳಲ್ಲೇ ಬಹಳಷ್ಟು ಇಳಿದುಬಿಡುತ್ತದೆ. ಗಾಳಿಯ ಕೆಲಸ ಕೊನೆಯವರೆಗೂ ನಡೆಯುತ್ತಿರುತ್ತದೆ. ಒಳ್ಳೆಯ ಹದಿನೆಂಟರ ವಿಸ್ಕಿಯಲ್ಲಿ ಸಿಗುವ ಮೃದುತನ, ಒಂದರೊಳಗೊಂದು ಬೆರೆತ ಪರಿಮಳ ಈ ನಿಧಾನದ್ದು.

ಆವಿಯಾಗಿ ಹೋಗುವ ಪಾಲಿಗೆ ಸ್ಕಾಟ್ಲೆಂಡಿನವರು ದೇವತೆಗಳ ಪಾಲು ಎನ್ನುತ್ತಾರೆ. ಅಲ್ಲಿನ ತಂಪಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ 2. ಈ ಲೆಕ್ಕಕ್ಕೆ ನಮ್ಮದೇ ರಾಜ್ಯದ ಇನ್ನೊಂದು ಲೆಕ್ಕ ಸೇರಿಸಿದರೆ ವಯಸ್ಸಿನ ಅಂಕಿಯ ಬಗ್ಗೆ ಇರುವ ಭ್ರಮೆ ಅರ್ಧ ಕಳೆಯುತ್ತದೆ. ಕೆ.ಆರ್. ನಗರದಿಂದ ಬೆಂಗಳೂರಿಗೆ ಹೋಗುವಾಗ ಬಿಡದಿ ದಾಟಿದ ಮೇಲೆ ಕುಂಬಳಗೋಡಿನ ಆಸುಪಾಸಿನಲ್ಲಿ ಕಂಬೀಪುರ ಸಿಗುತ್ತದೆ. ಅಮೃತ್ ಡಿಸ್ಟಿಲರೀಸ್ ಇರುವುದು ಅಲ್ಲಿ. ಜೆ.ಎನ್. ರಾಧಾಕೃಷ್ಣ ರಾವ್ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಕಂಪನಿ. ಅವರ ಮಗ ನೀಲಕಂಠ ರಾವ್ ಜಗದಾಳೆ ಅವರ ಕಾಲದಲ್ಲಿ ಬಾರ್ಲಿಯಿಂದ ಮಾಲ್ಟ್ ವಿಸ್ಕಿ ಇಳಿಸತೊಡಗಿದರು, ಮೊದಲು ಬೆರಕೆ ವಿಸ್ಕಿಗಳಿಗೆ ಸೇರಿಸಲೆಂದು. ಮೊಮ್ಮಗ ರಕ್ಷಿತ್ ಜಗದಾಳೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಓದುವಾಗ ಭಾರತದ ಸಿಂಗಲ್ ಮಾಲ್ಟನ್ನು ಆ ದೇಶದಲ್ಲಿ ಮಾರಲು ಆಗುತ್ತದೆಯೇ ಎಂದು ಅಧ್ಯಯನ ಮಾಡಿದರು. 2004ರ ಆಗಸ್ಟ್ 24ರಂದು ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ವಿಸ್ಕಿಯ ತವರಿಗೇ ಹೋಗಿ ನಿಂತ ಆ ಧೈರ್ಯವನ್ನು ನಾನು ಇವತ್ತಿಗೂ ಹೆಮ್ಮೆಯಿಂದ ನೆನೆಯುತ್ತೇನೆ. 2010ರ ತಮ್ಮ ಕೈಪಿಡಿಯಲ್ಲಿ ವಿಮರ್ಶಕ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ಸ್ಥಾನದಲ್ಲಿಟ್ಟರು. ಕನ್ನಡ ನೆಲದ ಈ ಸರಕು ಬೆಂಗಳೂರಿನ ಅಂಗಡಿಗೆ ಬಂದದ್ದು ಆ ವರ್ಷವೇ, ಹೊರದೇಶ ಸುತ್ತಿ ಬಂದ ಮೇಲೆ.

ಅಮೃತ್‌ನ ಹೆಚ್ಚಿನ ಬಾಟಲಿಗಳ ಮೇಲೆ ವಯಸ್ಸೇ ಇಲ್ಲ. ಕಾರಣ ಹವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಸ್ಕಾಟ್ಲೆಂಡಿಗಿಂತ ಎಷ್ಟೋ ಬೆಚ್ಚಗಿದೆ. ಇಲ್ಲಿ ದೇವತೆಗಳ ಪಾಲು ವರ್ಷಕ್ಕೆ ಶೇ 10ರಿಂದ 12. 200 ಲೀಟರಿನ ಪೀಪಾಯಿ ತುಂಬಿಟ್ಟರೆ ಅಲ್ಲಿ ಹನ್ನೆರಡು ವರ್ಷಕ್ಕೆ 157 ಲೀಟರ್, ಹದಿನೆಂಟಕ್ಕೆ 139 ಲೀಟರ್ ಉಳಿಯುತ್ತದೆ. ಇಲ್ಲಿ ಶೇ 10 ಎಂದೇ ಹಿಡಿದರೂ ಐದು ವರ್ಷಕ್ಕೆ 118, ಎಂಟು ವರ್ಷಕ್ಕೆ 86, ಹನ್ನೆರಡಕ್ಕೆ ಬರೀ 56 ಲೀಟರ್. ಹದಿನೆಂಟು ಇಡುವ ಮಾತೇ ಇಲ್ಲ. ಅಮೃತ್ 2013ರಲ್ಲಿ ಎಂಟು ವರ್ಷದ ಒಂದು ವಿಸ್ಕಿಯನ್ನು 'ಗ್ರೀಡಿ ಏಂಜೆಲ್ಸ್' ಎಂಬ ಹೆಸರಿನಲ್ಲಿ ತಂದಾಗ ಸಿಕ್ಕಿದ್ದು 144 ಬಾಟಲಿ ಮಾತ್ರ. ದೇವತೆಗಳ ದುರಾಸೆ ಹೆಸರಿನಲ್ಲೇ ಇದೆ. ಬೆಚ್ಚಗಿನ ಹವೆಯಲ್ಲಿ ಮರದ ರಸ ಬೇಗ ಇಳಿಯುವುದರಿಂದ ನಾಲ್ಕೈದು ವರ್ಷಕ್ಕೇ ವಿಸ್ಕಿ ತುಂಬಿಕೊಳ್ಳುತ್ತದೆ. ಇನ್ನೂ ಬಿಟ್ಟರೆ ಒಗರು ಹತ್ತಿ, ಮರವೇ ಬಾಯಿಗೆ ಬರುತ್ತದೆ.

ಹಾಗೆಂದು ಬೆಂಗಳೂರಿನ ಒಂದು ವರ್ಷ ಸ್ಕಾಟ್ಲೆಂಡಿನ ಮೂರಕ್ಕೆ ಸಮ ಎಂಬ ಸುಲಭದ ಗುಣಾಕಾರ ನನಗೆ ಒಪ್ಪಿಗೆಯಿಲ್ಲ. ಶಾಖ ಮರದ ಕೆಲಸವನ್ನು ಮೂರು ಪಟ್ಟು ಮಾಡಬಹುದು. ಗಾಳಿಯ ಕೆಲಸವನ್ನೂ ಅಷ್ಟೇ ಪಟ್ಟು ಮಾಡುತ್ತದೆಂದು ಹೇಳಲಾಗದು. ಇಲ್ಲಿನ ಐದು ಅಲ್ಲಿನ ಹದಿನೈದಲ್ಲ, ಅದು ಬೇರೆಯದೇ ಪದಾರ್ಥ. ಅಮೃತ್‌ನವರು ಈ ವ್ಯತ್ಯಾಸವನ್ನೇ ಪರೀಕ್ಷಿಸಲು ಬೆಂಗಳೂರಿನಲ್ಲಿ ಕೆಲವು ವರ್ಷ ಮಾಗಿದ ಪೀಪಾಯಿಗಳನ್ನು ಯುರೋಪಿಗೆ ಸಾಗಿಸಿ, ಅಲ್ಲಿನ ತಂಪಿನಲ್ಲಿ ಮುಂದುವರಿಸಿ 'ಟು ಕಾಂಟಿನೆಂಟ್ಸ್' ಎಂಬ ವಿಸ್ಕಿ ಮಾಡಿದ್ದೂ ಉಂಟು.

ಈಗ ಹೋಲಿಕೆಗೆ ಬಾಟಲಿ ಆರಿಸುವುದು. ಬೇರೆ ಬೇರೆ ಡಿಸ್ಟಿಲರಿಗಳ 12, 15, 18 ಇಟ್ಟುಕೊಂಡರೆ ವಯಸ್ಸಿನ ಬಗ್ಗೆ ಏನೂ ತಿಳಿಯುವುದಿಲ್ಲ. ಒಂದೇ ಡಿಸ್ಟಿಲರಿಯವೇ ಆಗಬೇಕು. ಸುಲಭವಾಗಿ ಸಿಗುವ ಸಾಲು ಗ್ಲೆನ್‌ಫಿಡಿಕ್‌ನದು. ವಿಲಿಯಂ ಗ್ರಾಂಟ್ ಸ್ಥಾಪಿಸಿದ ಡಿಸ್ಟಿಲರಿ, ಮೊದಲ ಬಟ್ಟಿ ಇಳಿದದ್ದು 1887ರ ಕ್ರಿಸ್‌ಮಸ್ ದಿನ. ಇದರ ಹನ್ನೆರಡು ಮತ್ತು ಹದಿನೆಂಟು ಎರಡೂ ಅಮೆರಿಕದ ಬೋರ್ಬನ್ ವಿಸ್ಕಿ ಇಟ್ಟಿದ್ದ ಪೀಪಾಯಿ ಹಾಗೂ ಸ್ಪೇನಿನ ಶೆರ್ರಿ ವೈನ್ ಪೀಪಾಯಿಗಳಲ್ಲಿ ಮಾಗಿದವು. ಹಾಗಾಗಿ ಇವೆರಡರ ನಡುವಿನ ಹೋಲಿಕೆ ತಕ್ಕಮಟ್ಟಿಗೆ ನ್ಯಾಯವಾದದ್ದು. ಹದಿನೈದರ ಕಥೆ ಬೇರೆ. ಬೋರ್ಬನ್, ಶೆರ್ರಿ ಜೊತೆಗೆ ಹೊಸ ಓಕ್ ಪೀಪಾಯಿಯ ಸರಕನ್ನೂ ಸೇರಿಸಿ ಸೊಲೆರಾ ಎಂಬ ದೊಡ್ಡ ಮರದ ತೊಟ್ಟಿಗೆ ಸುರಿಯುತ್ತಾರೆ. 1998ರಿಂದ ಆ ತೊಟ್ಟಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಟ್ಟಿಲ್ಲ, ತೆಗೆದಷ್ಟು ತುಂಬುತ್ತಾ ಬಂದಿದ್ದಾರೆ. ಹದಿನೈದು ಕುಡಿದು 'ಮೂರು ವರ್ಷ ಹೆಚ್ಚಾದದ್ದಕ್ಕೆ ಈ ಜೇನಿನ ರುಚಿ' ಎಂದುಕೊಂಡರೆ ತಪ್ಪಾಗುತ್ತದೆ. ಆ ರುಚಿಯಲ್ಲಿ ತೊಟ್ಟಿಯ ಪಾಲೂ, ಹೊಸ ಮರದ ಪಾಲೂ ಇದೆ. ಇನ್ನೊಂದು ಡಿಸ್ಟಿಲರಿ ಗ್ಲೆನ್‌ಲಿವೆಟ್‌ನ ಹದಿನೈದರಲ್ಲೂ ಹೀಗೇ, ಅದಕ್ಕೆ ಫ್ರಾನ್ಸಿನ ಓಕ್ ಮರ ಬಳಸುತ್ತಾರೆ. ಲೇಬಲ್ಲಿನಲ್ಲಿ ವಯಸ್ಸಿನ ಕೆಳಗೆ ಸಣ್ಣ ಅಕ್ಷರದಲ್ಲಿ ಪೀಪಾಯಿಯ ಹೆಸರು ಬರೆದಿರುತ್ತದೆ, ಅಂಕಿಗಿಂತ ಮೊದಲು ಅದನ್ನು ಓದಿ.

ಹೊಗೆಯ ವಿಸ್ಕಿಗಳದ್ದು ಇನ್ನೊಂದು ಲೋಕ. ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಹದ ಮಾಡುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಿ ಉರಿಯ ಹೊಗೆ ಕೊಳವೆಯೊಳಗೇ ಹಾದು ಹೊರಗೆ ಹೋಗುತ್ತದೆ, ಎಲೆಗೆ ತಗಲುವುದು ಶಾಖ ಮಾತ್ರ. ಸ್ಕಾಟ್ಲೆಂಡಿನ ಐಲಾ ದ್ವೀಪದ ಮಾಲ್ಟ್‌ಗೆ ಇದರ ತದ್ವಿರುದ್ಧ: ಪೀಟ್ ಎಂಬ ಜೌಗು ನೆಲದ ಮಣ್ಣುಹೆಂಟೆ ಉರಿಸಿ, ಅದರ ಹೊಗೆಯನ್ನು ಮೊಳಕೆ ಬಾರ್ಲಿಗೆ ನೇರವಾಗಿ ಕುಡಿಸುತ್ತಾರೆ. ಆ ಹೊಗೆಯ ಫೀನಾಲ್‌ಗಳು ವಿಸ್ಕಿಯ ತನಕ ಬರುತ್ತವೆ, ವರ್ಷ ಹೋದಂತೆ ಮಂಕಾಗುತ್ತವೆ. ಆ ದ್ವೀಪದ ಲಫ್ರೋಯಿಗ್, ಅರ್ಡ್‌ಬೆಗ್ ಡಿಸ್ಟಿಲರಿಗಳ ಹತ್ತು ವರ್ಷದ ಬಾಟಲಿಯನ್ನೇ ಹುಡುಕುವ ರಸಿಕರು ಇರುವುದು ಇದಕ್ಕೇ. ಹೊಗೆ ಬೇಕಾದವರಿಗೆ ಎಳೆಯದೇ ಮೇಲು. ವಯಸ್ಸು ಹೆಚ್ಚಿದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಇನ್ನು ಕೂರುವ ಬಗೆ. ಊಟಕ್ಕೆ ಮುಂಚೆ ಕೂತುಕೊಳ್ಳಿ. ಕಬಾಬ್, ಖಾರದ ಸಾರು ಬಾಯಿಗೆ ಬಿದ್ದ ಮೇಲೆ ನಾಲಿಗೆ ಕೆಲಸಕ್ಕೆ ಬರುವುದಿಲ್ಲ. ಎಲೆಅಡಿಕೆ ಹಾಕುವವರೂ ಅವತ್ತಿಗೆ ಬಿಡಬೇಕು. ಊದುಬತ್ತಿ, ಸೆಂಟು, ಮಲ್ಲಿಗೆ ಹೂವಿನ ಹತ್ತಿರ ಬೇಡ. ಸ್ಟೀಲ್ ಲೋಟವಾಗಲಿ ಅಗಲ ಬಾಯಿಯ ಗ್ಲಾಸಾಗಲಿ ಪರಿಮಳ ಹಿಡಿದಿಡುವುದಿಲ್ಲ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸು ಬೇಕು. ಗ್ಲೆನ್‌ಕೇರ್ನ್ ಎಂಬುದು ಇದಕ್ಕೆಂದೇ ಮಾಡಿದ್ದು, ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸು ಸಾಕು. ಒಂದೊಂದರಲ್ಲಿ 15 ಎಂ.ಎಲ್. ಅದಕ್ಕಿಂತ ಹೆಚ್ಚು ಸುರಿದರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಮೂಗು ಮಂದವಾಗುತ್ತದೆ. ಐಸ್, ಸೋಡಾ ದೂರ ಇರಲಿ, ತಣ್ಣಗಾದರೆ ವಾಸನೆ ಮೇಲೇಳುವುದಿಲ್ಲ. ಯಾವುದು ಯಾವ ಗ್ಲಾಸಿನಲ್ಲಿದೆ ಎಂದು ಕುಡಿಯದ ಒಬ್ಬರು ಮನೆಯಲ್ಲಿದ್ದರೆ ಅವರಿಗೆ ಮಾತ್ರ ಗೊತ್ತಿರಲಿ. ಗ್ಲಾಸಿನ ಅಡಿಗೆ ಅ, ಆ, ಇ ಎಂದು ಚೀಟಿ ಅಂಟಿಸಿದರಾಯಿತು. ಬಣ್ಣ ನೋಡಿ ವಯಸ್ಸು ಊಹಿಸುವ ಆಸೆ ಬರುತ್ತದೆ, ಅದನ್ನು ನಂಬಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನ ಒಪ್ಪಿಗೆ ಇದೆ, ಕಡುಗೆಂಪು ಕಂಡದ್ದೆಲ್ಲ ಹಳೆಯದಲ್ಲ.

ಸುರಿದ ಕೂಡಲೇ ಮೂಗು ಇಡಬೇಡಿ. ಹತ್ತು ಹದಿನೈದು ನಿಮಿಷ ಬಿಟ್ಟರೆ ಮೇಲೆ ನಿಂತ ಮದ್ಯಸಾರದ ಘಾಟು ಹಾರಿಹೋಗುತ್ತದೆ. ಆಮೇಲೆ ಬಾಯಿ ಸ್ವಲ್ಪ ತೆರೆದುಕೊಂಡು, ಗ್ಲಾಸನ್ನು ಗಲ್ಲದ ಹತ್ತಿರದಿಂದ ನಿಧಾನವಾಗಿ ಮೇಲಕ್ಕೆ ತಂದು ಮೂಸಿ. ಎಲ್ಲವನ್ನೂ ಮೊದಲು ಮೂಸಿ ಮುಗಿಸಿ, ನಂತರ ಕುಡಿಯಿರಿ. ಒಂದು ಗುಟುಕನ್ನು ಬಾಯಿತುಂಬ ಆಡಿಸಿ ನುಂಗಿ, ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂದಿನಿಂದ ಮೂಗಿಗೆ ಏರುವ ಆ ಗಾಳಿಯಲ್ಲಿ ಗ್ಲಾಸಿನಲ್ಲಿ ಸಿಗದ ವಾಸನೆಗಳು ಸಿಗುತ್ತವೆ. ನಾಲಿಗೆಗೆ ಸಿಗುವುದು ಸಿಹಿ, ಕಹಿ, ಹುಳಿಯಂಥ ಕೆಲವೇ ರುಚಿ. ಉಳಿದದ್ದೆಲ್ಲ ಮೂಗಿನ ಕೆಲಸ.

ಎರಡನೇ ಸುತ್ತಿಗೆ ನೀರು. ಬೋರ್‌ವೆಲ್ಲಿನ ಗಡಸು ನೀರು ಬೇಡ, ಫಿಲ್ಟರ್ ನೀರನ್ನು ಚಮಚದಿಂದ ಹನಿಹನಿಯಾಗಿ ಹಾಕಿ. ಇದು ಬರೀ ಶೋಕಿಯಲ್ಲ. ಸ್ವೀಡನ್ನಿನ ಲಿನಿಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದ್ದು ಇದು: ಹೊಗೆವಾಸನೆಯ ಗ್ವಾಯಕಾಲ್ ಅಣು ಮದ್ಯಸಾರ ಶೇ 45ಕ್ಕಿಂತ ಕಡಿಮೆ ಇದ್ದಾಗ ದ್ರವದ ಮೇಲ್ಮೈಗೆ ಬಂದು ಸೇರುತ್ತದೆ, ಶೇ 59ಕ್ಕಿಂತ ಮೇಲೆ ಒಳಗೇ ಹಂಚಿಕೊಂಡು ಇರುತ್ತದೆ. ಶೇ 46, 50ರ ಬಾಟಲಿಗೆ ಒಂದು ಚಮಚ ನೀರು ಬಿದ್ದಾಗ ಪರಿಮಳ ಅರಳುವುದು ಇದಕ್ಕೇ. ಶೇ 40ರದ್ದಕ್ಕೆ ನಾಲ್ಕೈದು ಹನಿ ಮೀರಬಾರದು, ತೆಳುವಾಗುತ್ತದೆ. ಹೋಲಿಸುವಾಗ ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಕಡುಪಿಗೆ ತರುವುದು ಮುಖ್ಯ, ಇಲ್ಲದಿದ್ದರೆ ಕಡುಪು ಹೆಚ್ಚಿರುವುದೇ ಗೆದ್ದಂತೆ ಕಾಣುತ್ತದೆ.

ಕಂಡದ್ದನ್ನು ನಿಮ್ಮ ಮಾತಿನಲ್ಲೇ ಬರೆದಿಡಿ. ವಿದೇಶಿ ಪುಸ್ತಕಗಳ ಹೆದರ್ ಹೂವು, ಗೂಸ್‌ಬೆರಿ ನಮ್ಮ ಮೂಗಿನ ನೆನಪಿನಲ್ಲಿಲ್ಲ. ಏಲಕ್ಕಿ ಬಾಳೆ, ಹಲಸಿನ ತೊಳೆ, ಆಲೆಮನೆಯ ಪಾಕ, ಒಣಕೊಬ್ಬರಿ, ಒಣದ್ರಾಕ್ಷಿ, ಸಾಮಿಲ್ಲಿನ ಮರದ ಪುಡಿ, ಹೊಸ ಚರ್ಮದ ಚಪ್ಪಲಿ, ಇವುಗಳಲ್ಲಿ ಬರೆದದ್ದು ಮುಂದಿನ ವರ್ಷ ಓದಿದರೂ ಅರ್ಥವಾಗುತ್ತದೆ.

ಹಾಗಾದರೆ ಏನು ಸಿಗಬಹುದು? ಹನ್ನೆರಡರಲ್ಲಿ ಹಣ್ಣು ಮುಂದೆ: ಪೇರು, ಹಸಿರು ಸೇಬು, ಸ್ವಲ್ಪ ಜೇನು, ಬೇಗ ಮುಗಿಯುವ ರುಚಿ. ಹದಿನೆಂಟರಲ್ಲಿ ಹಸಿ ಹಣ್ಣು ಹಿಂದೆ ಸರಿದು ಒಣಹಣ್ಣು, ಲವಂಗ, ಚಕ್ಕೆ, ಮರ ಬರುತ್ತವೆ. ನುಂಗಿದ ಮೇಲೂ ಬಹಳ ಹೊತ್ತು ಉಳಿಯುತ್ತದೆ, ಕೊನೆಯಲ್ಲಿ ಸಣ್ಣ ಒಗರು. ಆ ಒಗರನ್ನು ಗಮನಿಸಿ. ಅದು ಸಿಹಿಯ ಜೊತೆ ಹೊಂದಿಕೊಂಡಿದ್ದರೆ ಪೀಪಾಯಿ ಚೆನ್ನಾಗಿತ್ತು, ಬಾಯಿ ಒಣಗಿಸುವಷ್ಟಿದ್ದರೆ ಮರ ಗೆದ್ದಿದೆ. ಹನ್ನೆರಡರ ಹಣ್ಣೇ ಇಷ್ಟವಾದರೆ ಅದನ್ನು ಹೇಳಲು ಸಂಕೋಚ ಬೇಡ. ಹೆಚ್ಚಿನ ಬೆಲೆ ಗೋದಾಮಿನ ಆರು ವರ್ಷಕ್ಕೆ, ಆವಿಯಾದ ಲೀಟರುಗಳಿಗೆ ಕೊಟ್ಟದ್ದು, ರುಚಿಗೇ ಕೊಟ್ಟದ್ದಲ್ಲ.

ಮೂರರ ಪಕ್ಕಕ್ಕೆ ನಾಲ್ಕನೆಯದಾಗಿ ಅಮೃತ್ ಸಿಂಗಲ್ ಮಾಲ್ಟ್ ಇಡಿ. ಶೇ 46ರದ್ದು, ಆದ್ದರಿಂದ ಕೊನೆಗೆ, ಸ್ವಲ್ಪ ಹೆಚ್ಚು ನೀರಿನೊಂದಿಗೆ. ಮರದ ಮಸಾಲೆ, ವೆನಿಲ್ಲಾ, ಪಾಕದ ಸಿಹಿ ಹದಿನೆಂಟನ್ನು ನೆನಪಿಸುವಷ್ಟು ದಟ್ಟವಾಗಿರುತ್ತವೆ, ಅದೇ ಹೊತ್ತಿಗೆ ಬಾರ್ಲಿಯ ಎಳೆಯ ಚುರುಕೂ ಮಾಸಿರುವುದಿಲ್ಲ. ಎಳೆಯದರ ಗುಣ, ಹಳೆಯದರ ಗುಣ ಎರಡೂ ಒಂದೇ ಗುಟುಕಿನಲ್ಲಿ ಸಿಗುವುದು ಬೆಚ್ಚಗಿನ ನಾಡಿನ ವಿಸ್ಕಿಯಲ್ಲೇ. ವಯಸ್ಸಿನ ಅಂಕಿ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಈ ಗ್ಲಾಸು ತೋರಿಸುವಷ್ಟು ಚೆನ್ನಾಗಿ ಯಾವ ಪುಸ್ತಕವೂ ತೋರಿಸದು.

ನಾಲ್ಕು ಗ್ಲಾಸಿಗೆ ಒಟ್ಟು 60 ಎಂ.ಎಲ್., ಅಷ್ಟಕ್ಕೇ ನಿಲ್ಲಿಸಬೇಕು. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿಯೇ ಹೇಳಿದೆ. ಕುಡಿಯದವರು ಇದಕ್ಕೆಂದು ಶುರುಮಾಡುವ ಅಗತ್ಯ ಇಲ್ಲವೇ ಇಲ್ಲ. ಕರ್ನಾಟಕದಲ್ಲಿ 21 ತುಂಬದವರಿಗೆ ಮಾರುವಂತಿಲ್ಲ. ರಕ್ತದ 100 ಎಂ.ಎಲ್.ಗೆ 30 ಮಿಲಿಗ್ರಾಂ ಮೀರಿದರೆ ಗಾಡಿ ಓಡಿಸುವುದು ಅಪರಾಧ, ಒಂದು ಪೆಗ್ಗಿಗೇ ಆ ಗಡಿ ಮುಟ್ಟಬಹುದು. ಪಕ್ಕದ ಊರಿನಿಂದ ಬಂದವರು ರಾತ್ರಿ ಅಲ್ಲೇ ಮಲಗಲಿ.

ಉಳಿದ ಬಾಟಲಿಯನ್ನು ನಿಲ್ಲಿಸಿಯೇ ಇಡಿ. ವೈನಿನಂತೆ ಮಲಗಿಸಿದರೆ ಕಡು ಮದ್ಯ ಕಾರ್ಕನ್ನು ತಿನ್ನುತ್ತದೆ. ಬಿಸಿಲು ತಾಗದ ಕಪಾಟು ಸಾಕು, ಫ್ರಿಜ್ ಬೇಡ. ಅರ್ಧಕ್ಕಿಂತ ಕೆಳಗಿಳಿದ ಬಾಟಲಿಯಲ್ಲಿ ಗಾಳಿ ಹೆಚ್ಚಾಗಿ ಕೆಲವು ತಿಂಗಳಲ್ಲಿ ಪರಿಮಳ ಸಪ್ಪೆಯಾಗುತ್ತದೆ. ಇನ್ನೊಮ್ಮೆ ಹೋಲಿಸುವ ಯೋಚನೆಯಿದ್ದರೆ ಚೆನ್ನಾಗಿ ತೊಳೆದು ಒಣಗಿಸಿದ ಚಿಕ್ಕ ಗಾಜಿನ ಬಾಟಲಿಗೆ ಕತ್ತಿನ ತನಕ ತುಂಬಿ, ಮೇಲೆ ಹೆಸರು, ವಯಸ್ಸು, ತೆರೆದ ತಾರೀಖು ಬರೆದಿಡಿ.